ಮನೇಲೇ ಕಾರ್ ಪೇಂಟ್ ಹೊಡೆಯೋಕೆ ಮುಂಚೆ ಬಾಡಿ ಹೆಂಗೆ ರೆಡಿ ಮಾಡ್ಕೋಬೇಕು?

ಮಾಲೂರು_800:
ಎಲ್ರಿಗೂ ನಮಸ್ಕಾರ. ಅಪ್ಪಂದು 2007ರ ಮಾರುತಿ 800, ಬಿಳಿ ಕಲರ್. ಇಂಜಿನ್ ಇನ್ನೂ ಗಟ್ಟಿಯಾಗೈತೆ, ಆದ್ರೆ ಮುಂದಿನ ಎರಡೂ ಡೋರ್ ಕೆಳಗಡೆ ತುಕ್ಕು ಉಬ್ಬಿ ಬಂದೈತೆ, ಬಾನೆಟ್ ಮುಟ್ಟಿದ್ರೆ ಸುಣ್ಣದ ಥರ ಕೈಗೆ ಹತ್ತುತ್ತೆ. ಫ್ರೆಂಡ್ ಹತ್ರ ಕಂಪ್ರೆಸರ್ರು ಗನ್ನು ಎರಡೂ ಸಿಗುತ್ತೆ. ಹೋದ ತಿಂಗಳು ನೋಡೋಣ ಅಂತ ಒಂದು ಫೆಂಡರ್‌ನ 80 ನಂಬರ್ ಪೇಪರಲ್ಲಿ ಉಜ್ಜಿ, ಬಟ್ಟೇಲಿ ಒರೆಸಿ ಪೇಂಟ್ ಹೊಡೆದೆ. ಗೀರೆಲ್ಲ ಹಂಗೇ ಕಾಣ್ತವೆ, ಅಲ್ಲಲ್ಲಿ ಸಾಸಿವೆ ಗಾತ್ರದ ಗುಂಡಿ ಬಿದ್ದವೆ. ಎಲ್ಲಿ ತಪ್ಪಾಯ್ತು? ಈ ಗಾಡೀಲೇ ನಾನು ಡ್ರೈವಿಂಗ್ ಕಲ್ತಿದ್ದು, ಚೆನ್ನಾಗಿ ಮಾಡ್ಬೇಕು ಅಂತ ಆಸೆ.

ಕೋಲಾರದ_ಟಿಂಕರ್:
ತಮ್ಮ, ಆ ಗುಂಡಿಗೆ ಫಿಶ್ ಐ ಅಂತೀವಿ. ವರ್ಷಗಟ್ಲೆ ಹಚ್ಚಿರೋ ಪಾಲಿಶ್ ಮೇಲೇ ಇರುತ್ತೆ, ತೊಳೀದೆ ಉಜ್ಜಿದ್ರೆ ಅದು ಗೀರೊಳಗೆ ಸೇರ್ಕೊಳ್ಳುತ್ತೆ, ಪೇಂಟು ಅಲ್ಲಿ ನಿಲ್ಲಲ್ಲ. ಮೊದ್ಲು ಪಾತ್ರೆ ಸೋಪಲ್ಲಿ ತೊಳಿ, ಒಣಗಿದ್ಮೇಲೆ ವ್ಯಾಕ್ಸ್ ರಿಮೂವರ್ (ಪಾಲಿಶ್, ಜಿಡ್ಡು ತೆಗೆಯೋ ದ್ರವ) ಹಾಕಿ ಒಂದು ಬಟ್ಟೇಲಿ ಒರೆಸಿ, ಆರೋಕೆ ಮುಂಚೆನೇ ಇನ್ನೊಂದು ಒಣ ಬಟ್ಟೇಲಿ ತೆಗಿ, ಆಮೇಲೆ ಪೇಪರ್ ಮುಟ್ಟು. ಬಿಳಿ ಬಟ್ಟೆಗೆ ಬೇಡ, ಬಿಳಿ ಗಾಡಿ ಅಲ್ವಾ, ಕಪ್ಪು ಬಟ್ಟೆಗೆ ಥಿನ್ನರ್ ಹಾಕಿ ಒಂದು ಮೂಲೇಲಿ ಉಜ್ಜಿ ನೋಡು, ಬಣ್ಣ ಬಿಟ್ರೆ ಹಿಂದೆ ಯಾರೋ ಎನ್‌ಸಿ (ನೈಟ್ರೋಸೆಲ್ಯುಲೋಸ್, ಥಿನ್ನರ್‌ಗೆ ಕರಗೋದು) ಪೇಂಟ್ ಹೊಡೆದವ್ರೆ ಅಂತ, ಅದ್ರ ಮೇಲೆ ಪಿಯು (ಹಾರ್ಡ್ನರ್ ಬೆರೆಸಿ ಹೊಡೆಯೋ ಪಾಲಿಯುರೆಥೇನ್ ಪೇಂಟ್) ಹೊಡೆದ್ರೆ ಸುಕ್ಕು ಬರುತ್ತೆ.

ಡೋರ್ ತುಕ್ಕಿಗೆ ಕಾರಣ ಬೇರೆ. ಗ್ಲಾಸ್ ಸಂದೀಲಿ ಇಳಿಯೋ ಮಳೆನೀರು ಡೋರ್ ಅಡಿಗೆ ಇರೋ ಸಣ್ಣ ತೂತಲ್ಲಿ ಆಚೆ ಹೋಗ್ಬೇಕು, ನಿಮ್ಮೂರಿನ ಇಟ್ಟಿಗೆ ಧೂಳಿಗೆ ಅವು ಮುಚ್ಕೊಂಡಿರ್ತವೆ. ತೆಗೆದು ನೋಡು. ಉಬ್ಬಿರೋ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತು, ಒಳಗೋದ್ರೆ ಪುಟ್ಟಿ ಮೆತ್ತಬೇಡ, ತಗಡು ಕಟ್ ಮಾಡಿ ವೆಲ್ಡಿಂಗೇ ಆಗ್ಬೇಕು. ಹೋಗ್ಲಿಲ್ಲ ಅಂದ್ರೆ ತಗಡು ಬೆಳ್ಳಗೆ ಹೊಳೆಯೋ ತನಕ ಉಜ್ಜಿ, ಸುತ್ತ ಪೇಂಟ್ ಅಂಚನ್ನ 180, ಆಮೇಲೆ 320 ಪೇಪರಲ್ಲಿ ಇಳಿಜಾರಾಗೋ ಥರ ಉಜ್ಜು. ನಂಬರ್ ಜಾಸ್ತಿ ಆದಷ್ಟು ಪೇಪರ್ ನುಣ್ಣಗೆ, ನಿನ್ನ 80 ತುಂಬಾ ಒರಟು, ಗೀರು ಉಳಿದಿದ್ದು ಅದಕ್ಕೇ. ಕಣ್ಮುಚ್ಚಿ ಬೆರಳಾಡಿಸು, ಮೆಟ್ಟಿಲು ಸಿಕ್ಕಿದ್ರೆ ಇನ್ನೂ ಆಗಿಲ್ಲ. ಬರೀ ತಗಡನ್ನ ರಾತ್ರಿಗೆ ಬಿಡಬೇಡ, ಅವತ್ತೇ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯೋ ಮೊದಲ ಕೋಟ್) ಹೊಡಿ. ಆಮೇಲೆ ತಗ್ಗಿಗೆ ಪುಟ್ಟಿ, 100 ಗ್ರಾಂಗೆ ಹಾರ್ಡ್ನರ್ (ಅದನ್ನ ಗಟ್ಟಿ ಮಾಡೋ ಪೇಸ್ಟ್) 2 ಗ್ರಾಂ ಸಾಕು.

ಚಿಂತಾಮಣಿ_ಗ್ಯಾರೇಜ್:
ಅಣ್ಣ ಹೇಳಿದ್ದು ಸರಿ. ಒಂದೇ ಸೇರಿಸ್ತೀನಿ, ಪುಟ್ಟೀನ ನೀರಾಕಿ ಉಜ್ಜಬೇಡಿ, ನಮ್ಮ ಕಡೆ ತುಂಬಾ ಜನ ಹಂಗೇ ಮಾಡ್ತಾರೆ, ಪುಟ್ಟಿ ನೀರು ಕುಡಿಯುತ್ತೆ, ಆಮೇಲೆ ಬೇಸಿಗೇಲಿ ಬೊಬ್ಬೆ ಏಳುತ್ತೆ. ಒಣಗೇ ಉಜ್ಜಿ, ಮಾಸ್ಕ್ ಹಾಕಿ. ಸರ್ಫೇಸರ್ (ಪುಟ್ಟಿ ಆದ್ಮೇಲೆ, ಬಣ್ಣಕ್ಕೆ ಮುಂಚೆ ಹೊಡೆಯೋ ಕೋಟ್) ಮೇಲೆ ಮಾತ್ರ ವಾಟರ್ ಪೇಪರ್, ಅಂದ್ರೆ ನೀರಾಕಿ ಉಜ್ಜೋದು. ಅದಕ್ಕೆ ಮುಂಚೆ ಕಪ್ಪು ಸ್ಪ್ರೇ ಡಬ್ಬೀಲಿ ದೂರದಿಂದ ತೆಳ್ಳಗೆ ಚುಕ್ಕಿ ಹೊಡೆದು, ಮರದ ತುಂಡಿಗೆ 400 ಸುತ್ತಿ ಉಜ್ಜಿ, ಕಪ್ಪು ಉಳಿದಿರೋ ಕಡೆ ತಗ್ಗು ಅಂತ ಲೆಕ್ಕ. ಕಡೇಗೆ 600. ನಮ್ಮ ಬೋರ್ ನೀರು ಗಡಸು, ಆರಿದ್ರೆ ಬಿಳಿ ಉಪ್ಪು ನಿಲ್ಲುತ್ತೆ, ಕೊನೇ ಸಲ ಆರ್‌ಒ ಫಿಲ್ಟರ್ ನೀರಲ್ಲಿ ತೊಳೆದು ತಕ್ಷಣ ಒರೆಸಿ.

ಮಾಲೂರು_800:
ಅಣ್ಣ, ಸೈಕಲ್ ಕಡ್ಡೀಲಿ ತೂತು ಚುಚ್ಚಿದೆ, ಕಪ್ಪು ಕೆಸರು ಬಂತು, ಅದ್ರ ಹಿಂದೆ ಅರ್ಧ ಲೋಟ ನೀರು! ಎಡಗಡೆ ಡೋರಲ್ಲಿ ಸ್ಕ್ರೂಡ್ರೈವರ್ ಒಳಗೇ ಹೋಯ್ತು. ವೆಲ್ಡಿಂಗ್‌ಗೆ ಕೊಡ್ತೀನಿ. ಒಳಗಡೆ ಏನು ಹಚ್ಚಲಿ?

ಕೋಲಾರದ_ಟಿಂಕರ್:
ಕ್ಯಾವಿಟಿ ವ್ಯಾಕ್ಸ್, ಡೋರ್ ಒಳಗೆ ಹೊಡೆಯೋ ತುಕ್ಕು ತಡೆಯೋ ಮೇಣ. ಆದ್ರೆ ಪೇಂಟ್ ಪೂರ್ತಿ ಮುಗಿದ್ಮೇಲೆ, ಮುಂಚೆ ಹೊಡೆದ್ರೆ ಮತ್ತೆ ಅದೇ ಫಿಶ್ ಐ. ಹೊಡೆದಾದ್ಮೇಲೆ ಆ ತೂತುಗಳನ್ನ ಇನ್ನೊಂದು ಸಲ ಚುಚ್ಚು, ವ್ಯಾಕ್ಸೇ ಮುಚ್ಚಿಬಿಡುತ್ತೆ.