ಅಪ್‌ಡೇಟ್: ತಂಡಕ್ಕೆ ಸೇರಿದೆ, ಈಗ ಹೊಸಬರಿಗೆ ನಾನೇ ಕಲಿಸುತ್ತಿದ್ದೇನೆ

ಟ್ರಾನ್ಸ್ ಮಹಿಳೆಯಾದ ನಾನು ಪ್ರಥಮ ಚಿಕಿತ್ಸೆಯ ಸ್ವಯಂಸೇವಕರ ತಂಡಕ್ಕೆ ಸೇರಲಾ, ಜನ ಒಪ್ಪುತ್ತಾರಾ ಅಂತ ನಿಮ್ಮನ್ನು ಕೇಳಿದ್ದೆ. ಧೈರ್ಯ ಮಾಡಿ ಸೇರಿದೆ. ಮೊದಮೊದಲು ಕೆಲವರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ನೋವಾಗುತ್ತೆ, ಅಲ್ವಾ? ಆದರೆ ಸಂಯೋಜಕಿ ಮಾತ್ರ ನಾನು ಹೇಳಿದ ಹೆಸರನ್ನೇ ಬ್ಯಾಡ್ಜ್ ಮೇಲೆ ಬರೆದು ಕೊಟ್ಟರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಮ್ಮನ್ನು ಹತ್ತಿರ ತಂದದ್ದು ಸಿಪಿಆರ್ ಅಭ್ಯಾಸ, ಅಂದರೆ ಹೃದಯ ಬಡಿತ ನಿಂತವರ ಎದೆ ಒತ್ತಿ ಜೀವ ಉಳಿಸಲು ನೋಡುವ ವಿಧಾನ. ಬೊಂಬೆಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಕಡಿಮೆ ಅಂದರೂ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ತೋಳು ಸೋತು ಹೋಗುತ್ತದೆ. ಅದಕ್ಕೇ 2 ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಹಾಕಲೇಬೇಕು. ಮಾತೇ ಆಡದವರು ಏದುಸಿರು ಬಿಡುತ್ತಾ "ಅಕ್ಕಾ, ಬೇಗ ಬನ್ನಿ" ಅಂದರು! ಅವತ್ತಿಂದ ಅಕ್ಕನೇ ಆಗಿದ್ದೇನೆ.

ಈಗ ಹೊಸಬರ ಗುಂಪಿನ ಜವಾಬ್ದಾರಿ ನನ್ನದು. ಮುಂದಿನ ತರಬೇತಿಗೆ ನನ್ನ ಟ್ರಾನ್ಸ್ ಗೆಳತಿಯೊಬ್ಬಳೂ ಹೆಸರು ಕೊಟ್ಟಿದ್ದಾಳೆ. ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.