ಮೊಮ್ಮಗುವಿಗಿಂತ ಮೊದಲು ತಾತನಿಗೆ ಸೂಜಿ

ನಮ್ಮ ಗುಂಪಿನಲ್ಲಿ ರಾಯರಷ್ಟು ಧೈರ್ಯಶಾಲಿ ಮತ್ತೊಬ್ಬರಿಲ್ಲವೆಂಬುದು ಸ್ವತಃ ರಾಯರೇ ಹಲವು ವರ್ಷಗಳಿಂದ ಪ್ರಚಾರ ಮಾಡುತ್ತ ಬಂದಿರುವ ಸಂಗತಿಯಾದ್ದರಿಂದ, ಆ ಸಂಜೆ ಅವರು ಮುಖ ಸಪ್ಪಗೆ ಮಾಡಿಕೊಂಡು ಬಂದು ಕುಳಿತಾಗ ನಮಗೆಲ್ಲ ಕುತೂಹಲವಾಯಿತು. ವಿಚಾರಿಸಲಾಗಿ ತಿಳಿದದ್ದಿಷ್ಟು: ಎರಡು ತಿಂಗಳಲ್ಲಿ ಹೆರಿಗೆಯಾಗಲಿರುವ ಅವರ ಮಗಳು, ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಳ್ಳದವರು ಯಾರೇ ಆಗಲಿ ಮಗುವನ್ನು ಎತ್ತಿಕೊಳ್ಳುವಂತಿಲ್ಲವೆಂದು ಅಪ್ಪಣೆ ಹೊರಡಿಸಿದ್ದಳು.

“ಲಸಿಕೆ ಹಾಕಿಸಬೇಕಾದದ್ದು ಮಗುವಿಗೋ, ಮಗುವಿನ ತಾತನಿಗೋ? ನನಗೆ ಚಿಕ್ಕಂದಿನಲ್ಲಿಯೇ ಎಲ್ಲ ಹಾಕಿಸಿದ್ದಾರೆ!” ಎಂದು ರಾಯರು ಗುಡುಗಿದರು.

“ಚಿಕ್ಕಂದಿನಲ್ಲಿ ನಿಮಗೆ ತಲೆ ತುಂಬ ಕೂದಲೂ ಇತ್ತಲ್ಲವೆ, ರಾಯರೇ?” ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ಅವರು ನಿವೃತ್ತ ಮಕ್ಕಳ ತಜ್ಞೆ. ದನಿ ಏರಿಸದೆಯೇ ಬಾಯಿ ಮುಚ್ಚಿಸುವ ವಿದ್ಯೆ ಅವರಿಗೆ ವೃತ್ತಿಯಿಂದ ಬಂದದ್ದು. ನಾನು ನಗಲು ಹೋಗಿ ಕೆಮ್ಮಿದೆ.

ನಾಯಿಕೆಮ್ಮಿನ ಲಸಿಕೆಯ ರಕ್ಷಣೆ ಕೆಲವೇ ವರ್ಷಗಳಲ್ಲಿ ಸವೆದುಹೋಗುತ್ತದೆಂದೂ, ಒಮ್ಮೆ ರೋಗವೇ ಬಂದು ಹೋದರೂ ಜೀವಮಾನದ ರಕ್ಷಣೆ ದೊರೆಯದೆಂದೂ, ಅದೇ ಸೂಜಿಯಲ್ಲಿ ಜೊತೆಗೂಡಿ ಬರುವ ಗಂಟಲಮಾರಿ (ಡಿಫ್ತೀರಿಯಾ) ಮತ್ತು ಧನುರ್ವಾಯುವಿನ ಲಸಿಕೆಗಳು ಹೆಚ್ಚು ಕಾಲ ಬಾಳಿದರೂ ಅವೂ ಶಾಶ್ವತವಲ್ಲವಾದ್ದರಿಂದ ಹಲವು ದೇಶಗಳಲ್ಲಿ ದೊಡ್ಡವರು 10 ವರ್ಷಕ್ಕೊಮ್ಮೆ ಬೂಸ್ಟರ್ ಹಾಕಿಸಿಕೊಳ್ಳುತ್ತಾರೆಂದೂ ಅವರು ವಿವರಿಸಿದರು.

ಧನುರ್ವಾಯು ಎಂಬ ಶಬ್ದ ಕಿವಿಗೆ ಬಿದ್ದೊಡನೆ, ಬಿಡುವಿನಲ್ಲಿ ಮರಗೆಲಸ ಮಾಡುವ ನಮ್ಮ ಇಂಜಿನಿಯರು ಎದ್ದು ಕುಳಿತರು. “ಅದರ ಭಯ ನನಗಿಲ್ಲ. ನಾನು ಬಳಸುವುದು ತುಕ್ಕು ಹಿಡಿಯದ ಮೊಳೆ. ಹೋದ ತಿಂಗಳು ಚಪ್ಪಲಿಯನ್ನೂ ತೂರಿಕೊಂಡು ಹಿಮ್ಮಡಿಗೆ ಚುಚ್ಚಿತು. ಒಂದು ಹನಿ ರಕ್ತವೂ ಬರಲಿಲ್ಲ, ಒರೆಸಿಕೊಂಡು ಕೆಲಸ ಮುಂದುವರಿಸಿದೆ.”

“ರಕ್ತ ಬರದಿದ್ದುದೇ ಚಿಂತೆಯ ವಿಷಯ” ಎಂದರು ಡಾಕ್ಟರಮ್ಮ. “ಧನುರ್ವಾಯುವಿಗೂ ತುಕ್ಕಿಗೂ ನೆಂಟಸ್ತನವಿಲ್ಲ. ಆ ರೋಗಾಣುವಿನ ಬೀಜಕಗಳು ಮಣ್ಣು, ಧೂಳು, ಸಗಣಿಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ಗಾಳಿಯಾಡದ ಆಳವಾದ ಗಾಯ ಸಿಕ್ಕಿತೆಂದರೆ ಎದ್ದು ವಿಷ ತಯಾರಿಸತೊಡಗುತ್ತವೆ. ಅಂಥ ಗಾಯಕ್ಕೆ ನಿಮ್ಮ ಹೊಳೆಯುವ ಮೊಳೆಯೂ ಸಾಕು, ಗುಲಾಬಿಯ ಮುಳ್ಳೂ ಸಾಕು. ಸ್ನಾಯುಗಳನ್ನು ಸಡಿಲಗೊಳಿಸುವ ನರಗಳ ಸಂದೇಶವನ್ನು ಆ ವಿಷ ತಡೆಯುವುದರಿಂದ ಮೊದಲು ದವಡೆ ಬಿಗಿಯುತ್ತದೆ, ಆಮೇಲೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ನಮ್ಮ ಹಿರಿಯರು ಅದಕ್ಕೆ ಧನುಸ್ಸಿನ ಹೆಸರನ್ನು ಸುಮ್ಮನೆ ಇಟ್ಟದ್ದಲ್ಲ.”

“ಸುತ್ತಲಿನವರೆಲ್ಲ ಲಸಿಕೆ ಹಾಕಿಸಿಕೊಂಡರೆ ನನಗೂ ರಕ್ಷಣೆ ಸಿಗುತ್ತದಲ್ಲ?” ಎಂದು ಇಂಜಿನಿಯರು ರಿಯಾಯಿತಿ ಕೇಳಿದರು.

“ಗಂಟಲಮಾರಿಯಲ್ಲಾದರೆ ನಿಮ್ಮ ಮಾತು ಒಂದಿಷ್ಟು ನಡೆದೀತು. ಧನುರ್ವಾಯು ಒಬ್ಬರಿಂದೊಬ್ಬರಿಗೆ ಹರಡುವುದೇ ಇಲ್ಲ, ಮಣ್ಣಿನಿಂದಲೇ ಬರುತ್ತದೆ. ಅಲ್ಲಿ ಪಕ್ಕದವರ ಪುಣ್ಯದಲ್ಲಿ ನಿಮಗೆ ಪಾಲಿಲ್ಲ.” ಇಂಜಿನಿಯರು ಮೇಜಿನ ಕೆಳಗೆ ತಮ್ಮ ಹಿಮ್ಮಡಿಯನ್ನು ಮೆಲ್ಲನೆ ಮುಟ್ಟಿ ನೋಡಿಕೊಂಡದ್ದನ್ನು ನಾನೊಬ್ಬನೇ ಕಂಡೆ.

ಲಸಿಕೆಯೆಂದರೆ ರೋಗವನ್ನೇ ಮೈಗೆ ಸೇರಿಸಿಕೊಂಡಂತಲ್ಲವೆ ಎಂಬ ಹಳೆಯ ಸಂಶಯವನ್ನು ರಾಯರು ಆಗ ಹೊರತೆಗೆದರು. ಅದಕ್ಕೆ ಡಾಕ್ಟರಮ್ಮ ಕೊಟ್ಟ ಉತ್ತರ ನನಗೆ ಇಂದಿಗೂ ಇಷ್ಟ: 1923ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ರಾಮೋನ್ ಗಂಟಲಮಾರಿಯ ವಿಷವನ್ನು ಫಾರ್ಮಾಲಿನ್ ಮತ್ತು ಶಾಖದಿಂದ ಹದಮಾಡಿ, ಅಪಾಯವಿಲ್ಲದ, ಆದರೆ ದೇಹಕ್ಕೆ ಗುರುತು ಹತ್ತುವ ವಸ್ತುವನ್ನಾಗಿಸಿದರು, ಅದು ಹಲ್ಲು ಕಿತ್ತ ಹಾವು, ನಿಜವಾದ ಹಾವು ಬಂದಾಗ ದೇಹ ಬೆಚ್ಚಿ ಬೀಳದಿರಲೆಂದು ಮಾಡಿಸುವ ಪರಿಚಯ. ತೋಳು ಒಂದೆರಡು ದಿನ ನೋಯುತ್ತದೆ, ಮಕ್ಕಳಿಗೆ ಜ್ವರ ಬಂದು ರಂಪ ಮಾಡುವುದೂ ಉಂಟೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ‘ನೋಯುತ್ತದೆ’ ಎಂಬ ಪದವೊಂದೇ ರಾಯರಿಗೆ ಕೇಳಿಸಿದಂತೆ ತೋರಿತು.

ಅಷ್ಟರಲ್ಲಿ, ರಾಯರ ಮಗಳು ಬರೆದುಕೊಟ್ಟಿದ್ದ ಚೀಟಿ ಮೇಷ್ಟ್ರ ಕೈಗೆ ಸಿಕ್ಕಿತು. ನಲವತ್ತು ವರ್ಷ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಕನ್ನಡಕ ಏರಿಸಿ ಓದಿ, “ಮಕ್ಕಳ ಲಸಿಕೆ ಡಿಟ್ಯಾಪ್, ದೊಡ್ಡವರದು ಟಿಡ್ಯಾಪ್ ಎಂದು ಬರೆದಿದ್ದಾಳೆ. ಅದಿರಲಿ, ಒಂದರಲ್ಲಿ ಡಿ ಮತ್ತು ಪಿ ದೊಡ್ಡಕ್ಷರ, ಇನ್ನೊಂದರಲ್ಲಿ ಚಿಕ್ಕಕ್ಷರ. ಇಂಥ ಬರವಣಿಗೆಗೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ” ಎಂದರು. ಅದು ತಪ್ಪಲ್ಲ, ಅಳತೆಯೆಂದು ಡಾಕ್ಟರಮ್ಮ ತಿದ್ದಿದರು: ಡಿ ಎಂದರೆ ಗಂಟಲಮಾರಿ, ಪಿ ಎಂದರೆ ನಾಯಿಕೆಮ್ಮು, ದೊಡ್ಡಕ್ಷರವಿದ್ದರೆ ಆ ಅಂಶ ಹೆಚ್ಚಿನ ಪ್ರಮಾಣದಲ್ಲಿದೆ, ಚಿಕ್ಕಕ್ಷರವಿದ್ದರೆ ಕಡಿಮೆ ಪ್ರಮಾಣದಲ್ಲಿದೆ ಎಂದರ್ಥ, ಧನುರ್ವಾಯುವಿನ ಟಿ ಮಾತ್ರ ಎರಡರಲ್ಲೂ ದೊಡ್ಡದೇ. “ಅಂದರೆ ಚಿಕ್ಕವರಿಗೆ ದೊಡ್ಡಕ್ಷರ, ದೊಡ್ಡವರಿಗೆ ಚಿಕ್ಕಕ್ಷರ!” ಎಂದು ಮೇಷ್ಟ್ರು ವ್ಯಾಕರಣದ ಹೊಸ ಸೂತ್ರ ದೊರೆತಂತೆ ಸಂಭ್ರಮಿಸಿದರು. ನನಗೆ ಮತ್ತೆ ಕೆಮ್ಮು ಬಂತು, ಯಾರೂ ಗಮನಿಸಲಿಲ್ಲ.

ರಾಯರು ಕೊನೆಯ ಅಸ್ತ್ರ ತೆಗೆದರು. “ಆಗಲಿ, ನನಗೆ ನಾಯಿಕೆಮ್ಮು ಬಂದರೆ ತಾನೆ ಮಗುವಿಗೆ ಅಂಟುವುದು? ಆ ಕೂಗುವ ಕೆಮ್ಮು ಬಂದರೆ ನನಗೇ ತಿಳಿಯುವುದಿಲ್ಲವೆ?”

ಡಾಕ್ಟರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. “ದೊಡ್ಡವರಲ್ಲಿ ಎಷ್ಟೋ ಸಲ ಕೂಗು ಇರುವುದೇ ಇಲ್ಲ. ವಾರಗಟ್ಟಲೆ ಬಿಡದ ಒಣಕೆಮ್ಮು, ಅಷ್ಟೇ. ಎಳೆಗೂಸಿನಲ್ಲಂತೂ ಕೆಮ್ಮೇ ಇರದಿರಬಹುದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ವಾರದ ಕೂಸೊಂದನ್ನು ತಂದಿದ್ದರು. ನೋಡುತ್ತಿದ್ದಂತೆ ಉಸಿರು ನಿಂತಿತು, ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಪಾದಕ್ಕೆ ತಟ್ಟಿದ ಮೇಲೆ ಮತ್ತೆ ಉಸಿರೆಳೆದುಕೊಂಡಿತು. ರಾತ್ರಿಯಿಡೀ ಹೀಗೆಯೇ. ಕೆಮ್ಮುತ್ತಿದ್ದದ್ದು ಬಾಗಿಲಲ್ಲಿ ನಿಂತಿದ್ದ ಅದರ ಅಜ್ಜಿ.” ಮಗುವಿಗೆ ಮೊದಲ ಲಸಿಕೆ ಬೇಗವೆಂದರೂ ಆರನೆಯ ವಾರದಲ್ಲಿ, ಅಲ್ಲಿಯವರೆಗಿನ ಬರಿಗೈ ದಿನಗಳಿಗೆಂದೇ ಗರ್ಭಿಣಿಗೆ 27ರಿಂದ 36ನೆಯ ವಾರದೊಳಗೆ ಲಸಿಕೆ ಕೊಟ್ಟು ತಾಯಿಯ ರಕ್ಷಣೆ ಮಗುವಿಗೆ ಹರಿಯುವಂತೆ ಮಾಡುತ್ತಾರೆ, ಮನೆಯವರು ಹಾಕಿಸಿಕೊಳ್ಳುವುದು ಅದರ ಹೊರಗಿನ ಇನ್ನೊಂದು ಬೇಲಿ, ಮಗುವನ್ನು ಮುಟ್ಟುವುದಕ್ಕೆ ಎರಡು ವಾರ ಮುಂಚೆಯಾದರೂ ಆಗಬೇಕು.

ರಾಯರು ಮೌನವಾಗಿ ಎಡತೋಳಿನ ಗುಂಡಿ ಬಿಚ್ಚಿ, ಇಲ್ಲಿಯೇ ಚುಚ್ಚುತ್ತಾರೇನೋ ಎಂಬಂತೆ ಅಂಗಿಯನ್ನು ಮಡಚತೊಡಗಿದರು.

ಮಾತು ತಿಳಿಗೊಳಿಸಲು ಡಾಕ್ಟರಮ್ಮ, 1930ರ ದಶಕದ ಅಮೆರಿಕದಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬಿಬ್ಬರು ವಿಜ್ಞಾನಿಗಳು ದಿನದ ಕೆಲಸ ಮುಗಿಸಿ ರೋಗವಿದ್ದ ಮನೆಗಳಿಗೆ ಹೋಗಿ, ದೀಪದ ಬೆಳಕಿನಲ್ಲಿ ಮಕ್ಕಳ ಬಾಯೆದುರು ಗಾಜಿನ ತಟ್ಟೆ ಹಿಡಿದು ಕೆಮ್ಮಿಸಿಕೊಂಡು ಬಂದು ನಾಯಿಕೆಮ್ಮಿಗೆ ಫಲಕಾರಿ ಲಸಿಕೆ ರೂಪಿಸಿದ ಕಥೆ ಹೇಳಿದರು. ಕಥೆ ಮುಗಿಯುವಷ್ಟರಲ್ಲಿ ನನ್ನ ಕೆಮ್ಮು ಈ ಬಾರಿ ತಡೆಯದೆ, ಒಂದರ ಹಿಂದೊಂದರಂತೆ ಏಳೆಂಟು ಸಲ ಬಂತು.

“ನಿಮಗೆ ಇದು ಎಷ್ಟು ದಿನದಿಂದ?” ಎಂದು ರಾಯರು ಕೇಳಿದರು.

“ಮೂರನೆಯ ವಾರ” ಎಂದೆ. “ಜ್ವರವೇನಿಲ್ಲ.”

ಔಷಧಿ ತೆಗೆದುಕೊಳ್ಳದಿದ್ದರೆ ಕೆಮ್ಮು ಶುರುವಾಗಿ ಮೂರು ವಾರದವರೆಗೂ ನಾಯಿಕೆಮ್ಮು ಇತರರಿಗೆ ಅಂಟುತ್ತದೆಂದು ಡಾಕ್ಟರಮ್ಮ ಹೇಳಿ ಮುಗಿಸುವ ಮುನ್ನವೇ ಮೂರು ಕುರ್ಚಿಗಳು ಒಂದೇ ಸದ್ದಿನಲ್ಲಿ ಹಿಂದಕ್ಕೆ ಸರಿದವು. ಮೇಷ್ಟ್ರು ಚೀಟಿಯನ್ನು ಮೂಗಿಗೆ ಅಡ್ಡ ಹಿಡಿದರು. ಡಾಕ್ಟರಮ್ಮ ಮಾತ್ರ ಕದಲದೆ, ಅಂಥದೊಂದು ತಟ್ಟೆ ಕೈಯಲ್ಲಿಲ್ಲದ ಬೇಸರದಿಂದೆಂಬಂತೆ, ನನ್ನ ಬಾಯಿಯನ್ನೇ ನೋಡುತ್ತ ಕುಳಿತಿದ್ದರು.