ಅಮೆರಿಕನ್ ಬಾಲ್‌ರೂಂ ಶೈಲಿಯೋ, ಇಂಟರ್‌ನ್ಯಾಷನಲ್ ಶೈಲಿಯೋ: ಯಾವುದರಿಂದ ಆರಂಭಿಸಬೇಕು?

ಹೇಮಾವತಿ (ಷಿಕಾಗೋ) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಕ್ಕಳಿಬ್ಬರೂ ಕಾಲೇಜಿಗೆ ಹೊರಟುಹೋದ ಮೇಲೆ ದೊರೆತಿರುವ ಬಿಡುವಿನಲ್ಲಿ ನಾನೂ ನನ್ನ ಯಜಮಾನರೂ ಬಾಲ್‌ರೂಂ ನೃತ್ಯ ಕಲಿಯಬೇಕೆಂದು ತೀರ್ಮಾನಿಸಿದ್ದೇವೆ. ಮನೆಯ ಹತ್ತಿರದ ಸ್ಟುಡಿಯೋದಲ್ಲಿ ವಿಚಾರಿಸಿದಾಗ ಅಲ್ಲಿನ ಶಿಕ್ಷಕರು ಮೊದಲು ಕೇಳಿದ್ದೇ ನಿಮಗೆ ಅಮೆರಿಕನ್ ಶೈಲಿ ಬೇಕೋ, ಇಂಟರ್‌ನ್ಯಾಷನಲ್ ಶೈಲಿ ಬೇಕೋ ಎಂದು. ಎರಡರಲ್ಲಿಯೂ ವಾಲ್ಟ್ಜ್, ಟ್ಯಾಂಗೋ, ರುಂಬಾ ಇವೆ. ಹಾಗಿದ್ದ ಮೇಲೆ ವ್ಯತ್ಯಾಸವಿರುವುದು ಎಲ್ಲಿ ಎಂಬುದು ನಮಗೆ ಸ್ಪಷ್ಟವಾಗಲಿಲ್ಲ. ನಾನು ಮದುವೆಗೆ ಮುಂಚೆ ಹಲವು ವರ್ಷ ಭರತನಾಟ್ಯ ಕಲಿತವಳು, ಯಜಮಾನರಿಗೆ ನೃತ್ಯದ ಪರಿಚಯವೇ ಇಲ್ಲ. ಸ್ಪರ್ಧೆಗಳಲ್ಲಿ ಭಾಗವಹಿಸುವ ಉದ್ದೇಶ ಸದ್ಯಕ್ಕಿಲ್ಲವಾದರೂ ಕಲಿಯುವುದನ್ನು ಕ್ರಮವಾಗಿ ಕಲಿಯಬೇಕೆಂಬ ಹಟ ಇಬ್ಬರಿಗೂ ಇದೆ. ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರಿಕೆ.

ಕೊಡಚಾದ್ರಿ (ನ್ಯೂಜೆರ್ಸಿ)

ಹೇಮಾವತಿಯವರೇ, ಹೆಸರುಗಳ ಪಟ್ಟಿಯನ್ನು ಮೊದಲು ಮುಗಿಸಿಬಿಡುತ್ತೇನೆ. ಇಂಟರ್‌ನ್ಯಾಷನಲ್ ಶೈಲಿಯ ಸ್ಟ್ಯಾಂಡರ್ಡ್ ವಿಭಾಗದಲ್ಲಿ ವಾಲ್ಟ್ಜ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಜ್, ಸ್ಲೋ ಫಾಕ್ಸ್‌ಟ್ರಾಟ್ ಮತ್ತು ಕ್ವಿಕ್‌ಸ್ಟೆಪ್. ಲ್ಯಾಟಿನ್ ವಿಭಾಗದಲ್ಲಿ ಸಾಂಬಾ, ಚಾ ಚಾ, ರುಂಬಾ, ಪಾಸೋ ಡೋಬ್ಲೆ ಮತ್ತು ಜೈವ್ ಇವೆ. ಅಮೆರಿಕನ್ ಶೈಲಿಯ ಸ್ಮೂತ್ ವಿಭಾಗದಲ್ಲಿ ಕ್ವಿಕ್‌ಸ್ಟೆಪ್ ಇಲ್ಲ, ಉಳಿದ ನಾಲ್ಕೂ ಇವೆ. ರಿದಂ ವಿಭಾಗದಲ್ಲಿ ಚಾ ಚಾ, ರುಂಬಾ, ಈಸ್ಟ್ ಕೋಸ್ಟ್ ಸ್ವಿಂಗ್, ಬೊಲೆರೊ, ಮ್ಯಾಂಬೊ ಸೇರಿವೆ.

ಆದರೆ ನಿಜವಾದ ವ್ಯತ್ಯಾಸ ಜೋಡಿಯ ಹಿಡಿತದಲ್ಲಿದೆ. ಸ್ಟ್ಯಾಂಡರ್ಡ್‌ನಲ್ಲಿ ಆರಂಭದಲ್ಲಿ ಹಿಡಿದ ಕ್ಲೋಸ್ಡ್ ಹೋಲ್ಡ್ ಅನ್ನು, ಅಂದರೆ ಎದುರುಬದುರಾಗಿ ಒಬ್ಬರನ್ನೊಬ್ಬರು ಹಿಡಿದ ನಿಲುವನ್ನು, ಹಾಡು ಮುಗಿಯುವವರೆಗೆ ಬಿಡುವಂತಿಲ್ಲ. ಪಕ್ಕೆಲುಬಿನ ಕೆಳಭಾಗದಲ್ಲಿ ಇಬ್ಬರ ದೇಹಗಳೂ ತಾಗಿಕೊಂಡೇ ಇದ್ದು, ಮುನ್ನಡೆಸುವವರ ಸೂಚನೆಯೆಲ್ಲ ಆ ಸ್ಪರ್ಶದ ಮೂಲಕವೇ ಜೊತೆಗಾರ್ತಿಗೆ ತಲುಪಬೇಕು. ಸ್ಮೂತ್‌ನಲ್ಲಿಯಾದರೋ ಹಿಡಿತ ಬಿಡಬಹುದು, ತೋಳಿನ ಕೆಳಗೆ ತಿರುಗಿ ಹೋಗಬಹುದು, ಅಕ್ಕಪಕ್ಕದಲ್ಲಿ ನಿಂತು ಒಟ್ಟಿಗೆ ಚಲಿಸಿ ಮತ್ತೆ ಹಿಡಿತಕ್ಕೆ ಮರಳಬಹುದು. ಉಡುಪಿನಲ್ಲಿಯೂ ಇದರ ಗುರುತಿದೆ: ಸ್ಟ್ಯಾಂಡರ್ಡ್ ಸ್ಪರ್ಧೆಗಳಲ್ಲಿ ಪುರುಷರು ಹಿಂದೆ ಬಾಲವಿರುವ ಟೇಲ್‌ಕೋಟ್ ಧರಿಸುತ್ತಾರೆ, ಸ್ಮೂತ್‌ನಲ್ಲಿ ತೋಳು ಮೇಲೆತ್ತಲು ಅನುಕೂಲವಾಗುವಂತೆ ಸಾಮಾನ್ಯ ಸೂಟ್ ಅಥವಾ ವೇಸ್ಟ್‌ಕೋಟ್ ಇರುತ್ತದೆ.

ಇದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. 1904ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಸೊಸೈಟಿ ಎಂಬ ನೃತ್ಯ ಶಿಕ್ಷಕರ ಸಂಘ 1924ರಲ್ಲಿ ಬಾಲ್‌ರೂಂ ಶಾಖೆಯನ್ನು ತೆರೆದು, ಪ್ರತಿ ಹೆಜ್ಜೆಯಲ್ಲಿ ಹಿಮ್ಮಡಿ ಮೊದಲು ಊರಬೇಕೋ ಬೆರಳ ತುದಿಯೋ, ದೇಹ ಯಾವ ಬೀಟ್‌ಗೆ ಏರಬೇಕು ಎಂಬುದನ್ನೆಲ್ಲ ಶಿಕ್ಷಕರಿಗಾಗಿ ನಿಗದಿಪಡಿಸಿತು; ಇಂಟರ್‌ನ್ಯಾಷನಲ್ ಶೈಲಿ ಬೆಳೆದದ್ದು ಈ ಇಂಗ್ಲಿಷ್ ಪದ್ಧತಿಯಿಂದ. ಅಮೆರಿಕದಲ್ಲಿ ಆರ್ಥರ್ ಮರ್ರಿ ಅವರು ಪಾದದ ಗುರುತುಗಳನ್ನು ಮುದ್ರಿಸಿ ಅಂಚೆಯ ಮೂಲಕವೇ ನೃತ್ಯ ಕಲಿಸಿದವರು. ಅವರ ಸ್ಟುಡಿಯೋಗಳು 1938ರಿಂದ ಫ್ರ್ಯಾಂಚೈಸಿಗಳಾಗಿ ಹರಡಿದವು; 1947ರಲ್ಲಿ ಚಿತ್ರನಟ, ನರ್ತಕ ಫ್ರೆಡ್ ಆಸ್ಟೇರ್ ಹೆಸರಿನ ಸ್ಟುಡಿಯೋಗಳು ಆರಂಭವಾದವು. ಅಲ್ಲಿಗೆ ಬರುವ ಗ್ರಾಹಕರು ಮುಂದಿನ ತಿಂಗಳ ಮದುವೆಯಲ್ಲಿ ಕುಣಿಯಬೇಕಾದವರು, ಆದ್ದರಿಂದ ಪಾಠವೂ ಅದಕ್ಕೆ ತಕ್ಕಂತೆ ರೂಪುಗೊಂಡಿತು.

ಫಾಕ್ಸ್‌ಟ್ರಾಟ್ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಅಮೆರಿಕನ್ ಶೈಲಿಯ ಬ್ರಾಂಝ್ ಎಂಬ ಆರಂಭಿಕ ಹಂತದಲ್ಲಿ ಎರಡು ನಿಧಾನ ಹೆಜ್ಜೆ, ಎರಡು ವೇಗದ ಹೆಜ್ಜೆ, ಕೊನೆಯದರಲ್ಲಿ ಪಾದಗಳು ಕೂಡುತ್ತವೆ. ಅಲ್ಲಿ ಒಂದು ಕ್ಷಣ ನೆಲೆ ಸಿಗುವುದರಿಂದ ಹೊಸಬರು ತೂಕವನ್ನು ಸರಿಪಡಿಸಿಕೊಳ್ಳಬಹುದು. ಇಂಟರ್‌ನ್ಯಾಷನಲ್ ಫಾಕ್ಸ್‌ಟ್ರಾಟ್‌ನ ಮೂಲ ಹೆಜ್ಜೆಯಾದ ಫೆದರ್ ಸ್ಟೆಪ್‌ನಲ್ಲಿ ಪಾದಗಳು ಕೂಡುವುದೇ ಇಲ್ಲ, ಒಂದನ್ನೊಂದು ದಾಟಿ ಮುಂದೆ ಹೋಗುತ್ತಲೇ ಇರುತ್ತವೆ. ಮೊದಲ ಪಾಠದಿಂದಲೇ ಸಮತೋಲನದ ಪರೀಕ್ಷೆ. ನೀವು ಅಮೆರಿಕದಲ್ಲಿರುವುದರಿಂದಲೂ ಯಜಮಾನರು ಹೊಸಬರಾಗಿರುವುದರಿಂದಲೂ ಅಮೆರಿಕನ್ ಶೈಲಿಯಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕಡಲತೀರ (ಇಂಗ್ಲೆಂಡ್)

ಕೊಡಚಾದ್ರಿಯವರ ವಿವರಣೆ ಸೊಗಸಾಗಿದೆ. ಆದರೆ ಇಂಟರ್‌ನ್ಯಾಷನಲ್ ಶೈಲಿ ಸ್ಪರ್ಧಿಗಳಿಗೆ ಮಾತ್ರ ಎಂಬ ಭಾವನೆ ಓದುಗರಿಗೆ ಬರಬಾರದೆಂದು ಇದನ್ನು ಸೇರಿಸುತ್ತಿದ್ದೇನೆ. ಇಲ್ಲಿ ವಾರಾಂತ್ಯದ ಟೀ ಡ್ಯಾನ್ಸ್‌ಗಳಲ್ಲಿ ಎಪ್ಪತ್ತು ದಾಟಿದ ದಂಪತಿಗಳು ಇದೇ ಶೈಲಿಯಲ್ಲಿ ಆರಾಮವಾಗಿ ಕುಣಿಯುತ್ತಾರೆ, ಇಕ್ಕಟ್ಟಾದ ಸಭಾಂಗಣಗಳಿಗೆಂದೇ ಪುಟ್ಟ ಹೆಜ್ಜೆಗಳ ಸೋಷಿಯಲ್ ಫಾಕ್ಸ್‌ಟ್ರಾಟ್ ಕೂಡ ಇದೆ.

ರುಂಬಾದ ಕಥೆಯನ್ನು ಹೇಳಲೇಬೇಕು. ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ಮಾನ್ಸಿಯರ್ ಪಿಯರ್ ಮೊದಲು ಕಲಿಸುತ್ತಿದ್ದುದು ಚೌಕಾಕಾರದ ಹೆಜ್ಜೆಯ ರುಂಬಾವನ್ನೇ. 1947ರಲ್ಲಿ ಕ್ಯೂಬಾಕ್ಕೆ ಹೋದಾಗ ಅಲ್ಲಿನವರು ಎರಡನೆಯ ಬೀಟ್‌ಗೆ ಮುಂದೆ ಹೆಜ್ಜೆಯಿಡುವುದನ್ನು ಕಂಡು, ಹಿಂದಿರುಗಿ ತಮ್ಮ ನೃತ್ಯ ಜೊತೆಗಾರ್ತಿ ಡೋರಿಸ್ ಲವೆಲ್ ಅವರೊಂದಿಗೆ ಅದೇ ಪದ್ಧತಿಯನ್ನು ಕಲಿಸತೊಡಗಿದರು. ಇಲ್ಲಿನ ಶಿಕ್ಷಕರ ನಡುವೆ ಹಲವು ವರ್ಷ ವಾದ ನಡೆದ ಮೇಲೆ ಆ ಕ್ಯೂಬನ್ ಪದ್ಧತಿಗೆ ಮನ್ನಣೆ ಸಿಕ್ಕಿತು. ಅಮೆರಿಕ ಮಾತ್ರ ಚೌಕದ ಹೆಜ್ಜೆಯನ್ನು ಉಳಿಸಿಕೊಂಡಿತು. ಹೀಗಾಗಿ ಹೆಸರು ಒಂದೇ ಆದರೂ ಇವು ಎರಡು ಬೇರೆ ನೃತ್ಯಗಳೆಂದೇ ನಾನು ಭಾವಿಸುತ್ತೇನೆ. ವೇಗವೂ ಬೇರೆ: ಇಂಟರ್‌ನ್ಯಾಷನಲ್ ರುಂಬಾ ನಿಮಿಷಕ್ಕೆ ಸುಮಾರು 25ರಿಂದ 27 ಬಾರ್ (ಬಾರ್ ಎಂದರೆ ತಾಳದ ಒಂದು ಆವರ್ತ), ಅಮೆರಿಕನ್ ರುಂಬಾ ಸುಮಾರು 30ರಿಂದ 32. ವಿಯೆನ್ನೀಸ್ ವಾಲ್ಟ್ಜ್‌ನಲ್ಲಿ ಇದು ತಿರುಗುಮುರುಗಾಗಿ, ಇಂಟರ್‌ನ್ಯಾಷನಲ್ 60ರ ಹತ್ತಿರ, ಅಮೆರಿಕನ್ 54ರ ಹತ್ತಿರ ಇರುತ್ತದೆ.

ಭರತನಾಟ್ಯ ಕಲಿತವರಾದ್ದರಿಂದ ಮೊಣಕಾಲಿನ ವಿಷಯ ನಿಮಗೆ ಮುಖ್ಯ. ಇಂಟರ್‌ನ್ಯಾಷನಲ್ ಲ್ಯಾಟಿನ್‌ನಲ್ಲಿ ದೇಹದ ತೂಕ ಬಂದು ಸೇರುವ ಹೊತ್ತಿಗೆ ಕಾಲು ನೇರವಾಗಿರಬೇಕು. ಅಮೆರಿಕನ್ ರಿದಂನಲ್ಲಿ ಮಡಿಚಿದ ಮೊಣಕಾಲಿನ ಮೇಲೆ ಹೆಜ್ಜೆಯಿಟ್ಟು, ತೂಕ ವರ್ಗಾಯಿಸುತ್ತ ನಿಧಾನವಾಗಿ ಕಾಲನ್ನು ನೇರಗೊಳಿಸಲಾಗುತ್ತದೆ, ಸೊಂಟದ ಚಲನೆ ಹುಟ್ಟುವುದೇ ಅಲ್ಲಿ. ಮೊಣಕಾಲು ಬಾಗಿಸಿ ನಿಲ್ಲುವ ಅರೆಮಂಡಿಯಲ್ಲಿ ಪಳಗಿದ ಕಾಲುಗಳಿಗೆ ಈ ಎರಡನೆಯದು ಬೇಗ ಒಗ್ಗಬಹುದು.

ಹೇಮಾವತಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅರೆಮಂಡಿಯ ಮಾತು ಓದಿ ಬಹಳ ಸಂತೋಷವಾಯಿತು. ಇನ್ನೊಂದು ಸಂದೇಹ: ನಮ್ಮ ಸ್ಟುಡಿಯೋದಲ್ಲಿ ಎರಡೂ ಶೈಲಿಗಳ ತರಗತಿಗಳಿವೆ. ಎರಡನ್ನೂ ಒಟ್ಟಿಗೆ ಕಲಿಯಬಹುದೇ? ಮುಂದೆ ಅಮೆರಿಕನ್ ಶೈಲಿ ಸುಲಭವೆಂದು ಬೇಸರವಾಗುವ ಸಂಭವವಿದೆಯೇ?

ಶಾಲ್ಮಲಾ (ಕ್ಯಾಲಿಫೋರ್ನಿಯಾ)

ನಾನು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಕಲಿತು ಆಮೇಲೆ ಸ್ಮೂತ್‌ಗೆ ಬಂದವಳು, ಆದ್ದರಿಂದ ಎರಡನೆಯ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ. ಅಮೆರಿಕನ್ ಶೈಲಿ ಸುಲಭವೆಂಬುದು ಬ್ರಾಂಝ್ ಹಂತದ ಮಟ್ಟಿಗೆ ಮಾತ್ರ ಸತ್ಯ. ಅದರ ಮುಂದಿನ ಸಿಲ್ವರ್ ಹಂತಕ್ಕೆ ಬಂದೊಡನೆ ಫಾಕ್ಸ್‌ಟ್ರಾಟ್‌ನಲ್ಲಿಯೂ ವಾಲ್ಟ್ಜ್‌ನಲ್ಲಿಯೂ ಪಾದಗಳನ್ನು ಕೂಡಿಸದೆ ದಾಟಿಸುವ ಕಂಟಿನ್ಯುಯಿಟಿ ಹೆಜ್ಜೆಗಳು ಬರುತ್ತವೆ. ಹಿಡಿತವಿದ್ದಾಗ ಸ್ಟ್ಯಾಂಡರ್ಡ್ ನರ್ತಕರಷ್ಟೇ ಅಚ್ಚುಕಟ್ಟಾದ ನಿಲುವು ಬೇಕು, ಹಿಡಿತ ಬಿಟ್ಟ ಮರುಕ್ಷಣ ಜೊತೆಗಾರರ ಆಸರೆಯಿಲ್ಲದೆ ಒಂಟಿ ಕಾಲಿನ ಮೇಲೆ ತಿರುಗಿ, ಎರಡೂ ತೋಳುಗಳನ್ನು ಅರ್ಥಪೂರ್ಣವಾಗಿ ಚಾಚಿ, ಸರಿಯಾದ ಬೀಟ್‌ಗೆ ಮತ್ತೆ ಅವರ ಕೈಗೆ ಬಂದು ಸೇರಬೇಕು. ಸ್ಟ್ಯಾಂಡರ್ಡ್‌ನಲ್ಲಿ ನನ್ನ ತೋಳುಗಳಿಗೆ ಒಂದೇ ಜಾಗವಿತ್ತು, ಅವುಗಳಿಂದ ಏನು ಮಾಡಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಲ್ಲಿ ಅದೇ ದೊಡ್ಡ ಪಾಠವಾಗಿದೆ. ಹಸ್ತಗಳಿಗೂ ದೃಷ್ಟಿಗೂ ತರಬೇತಿ ಪಡೆದಿರುವ ನಿಮಗೆ ಈ ಭಾಗ ಬೇಸರ ತರುವ ಸಂಭವವಿಲ್ಲ.

ಎರಡನ್ನೂ ಒಟ್ಟಿಗೆ ಕಲಿಯುವ ವಿಷಯದಲ್ಲಿ ಎಚ್ಚರ ಬೇಕು. ನಿಧಾನಗತಿಯ ವಾಲ್ಟ್ಜ್‌ನಲ್ಲಿ ಆರಂಭದ ಹಂತಕ್ಕೆ ತೊಂದರೆಯಿಲ್ಲ, ಏಕೆಂದರೆ ಎರಡು ಶೈಲಿಗಳಲ್ಲಿಯೂ ಮೂರನೆಯ ಬೀಟ್‌ಗೆ ಪಾದಗಳು ಕೂಡುತ್ತವೆ, ದೇಹದ ಏರಿಳಿತದ ಮೂಲಪಾಠವೂ ಹೆಚ್ಚುಕಡಿಮೆ ಒಂದೇ. ರುಂಬಾವನ್ನು ಮಾತ್ರ ಖಂಡಿತ ಒಂದೇ ಶೈಲಿಯಲ್ಲಿ ಕಲಿಯಿರಿ. ಮುನ್ನಡೆಸುವ ಹೊಣೆ ಯಜಮಾನರದಾದರೆ, ಮಡಿಚಿದ ಕಾಲೋ ನೇರ ಕಾಲೋ, ಚೌಕವೋ ಎರಡನೆಯ ಬೀಟೋ ಎಂಬ ಗೊಂದಲ ಅವರ ದೇಹದಲ್ಲಿ ಉಳಿದುಬಿಟ್ಟರೆ ನಿಮಗೂ ಸೂಚನೆ ತಿಳಿಯದಂತಾಗುತ್ತದೆ. ಬ್ರಾಂಝ್ ಹಂತದ ವಾಲ್ಟ್ಜ್, ಫಾಕ್ಸ್‌ಟ್ರಾಟ್, ರುಂಬಾಗಳನ್ನು ಅಮೆರಿಕನ್ ಶೈಲಿಯಲ್ಲಿ ಮುಗಿಸಿದ ನಂತರ ಒಂದು ಸ್ಟ್ಯಾಂಡರ್ಡ್ ತರಗತಿಗೆ ಸೇರುವುದು ಉತ್ತಮ. ಆ ಹೊತ್ತಿಗೆ ಸಿಲ್ವರ್ ಹಂತದ ಹೆಜ್ಜೆಗಳಿಗೂ ಅದರಿಂದ ನೇರವಾಗಿ ಸಹಾಯವಾಗುತ್ತದೆ.